ಯಜಮಾನರಿಲ್ಲದ ಖೋಲಿ

ರಾತ್ರಿ ಕಣ್ಣು ಹತ್ತುವ ಹೊತ್ತಿಗೆ ಪಡಸಾಲೆಯಲ್ಲಿ ‘ಟಕ್’ ಎಂದು ಸಣ್ಣ ಸದ್ದಾಯಿತು. ಬಸವೇಶ್ವರಿ ಕಣ್ಣು ತೆರೆದಳು. ಅವ್ವ ಮಲಗುವ ಮುನ್ನ ಮನೆಯ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಆರಿಸುತ್ತಾಳೆ. ಅದು ದಿನದ ಸದ್ದು, ಅದಕ್ಕೆ ಎಚ್ಚರವಾಗುವ ಕಾರಣವಿರಲಿಲ್ಲ. ಎಚ್ಚರವಾದದ್ದು ಅದರ ಬೆನ್ನಿಗೇ ಬಂದ ಮೌನಕ್ಕೆ. ಸಂಜೆಯಿಂದ ಗುಂಯ್‌ಗುಡುತ್ತಿದ್ದ ಲ್ಯಾಪ್‌ಟಾಪಿನ ಫ್ಯಾನು ನಿಂತುಹೋಗಿತ್ತು.

ಅವಳು ಕತ್ತಲಲ್ಲೇ ಎದ್ದು ಹೋದಳು. ಪರದೆ ಕಪ್ಪಾಗಿತ್ತು. ಆ ಲ್ಯಾಪ್‌ಟಾಪಿನ ಬ್ಯಾಟರಿ ಕೆಟ್ಟು ಎಷ್ಟೋ ದಿನವಾಗಿತ್ತು. ಗೋಡೆಯ ಕರೆಂಟು ತಪ್ಪಿದ ಕ್ಷಣವೇ ಅದು ಆರಿಹೋಗುತ್ತಿತ್ತು.

“ಯಾಕ, ಏನಾತು?” ಅವ್ವ ರಂಗವ್ವ ಹಾಸಿಗೆಯಿಂದಲೇ ಕೇಳಿದಳು. “ವಾಯರ್ ಬಿಸಿ ಆಗಿತ್ತು, ಅದಕ್ಕ ಆರ್ಸೇನಿ. ಏನರ ಕೆಡ್ತೇನು?”

“ಏನಿಲ್ಲವ್ವಾ. ಮಲ್ಕೋ.”

ಅವಳು ಮತ್ತೆ ಬಂದು ಮಲಗಿದಳು, ಆದರೆ ನಿದ್ದೆ ಬರಲಿಲ್ಲ. ಅಂದು ಮಧ್ಯಾಹ್ನ ನೀಲಾಬಾಯಿ ಕುಳಿತು ಹೇಳಿದ್ದೆಲ್ಲ ಆ ಯಂತ್ರದಲ್ಲಿತ್ತು. ಇನ್ನು ಇಲ್ಲ.

ನೀಲಾಬಾಯಿಯ ಮಗ ಸುನೀಲಕುಮಾರ ನವನಗರದಲ್ಲಿ ಸಿಮೆಂಟಿನ ಅಂಗಡಿ ಇಟ್ಟವರು. ಹಳೇ ಬಾಗಲಕೋಟೆಯ ಕೆಳಗಿನ ಓಣಿಗಳು ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಅವರು ಕಾಲೇಜಿನಲ್ಲಿದ್ದರು. ಈಗ ಓಣಿಯ ಹಳೆಯ ಗೆಳೆಯರನ್ನು ಕೂಡಿಸಿಕೊಂಡು ಒಂದು ವೆಬ್‌ಸೈಟ್ ಮಾಡಿಸುತ್ತಿದ್ದರು. ಮುಳುಗಿದ ಓಣಿಯ ನಕ್ಷೆಯಲ್ಲಿ ಒಂದು ಮನೆಯ ಚೌಕವನ್ನು ಒತ್ತಿದರೆ ಅಲ್ಲಿದ್ದವರ ಹೆಸರು, ಅವರ ಬಗ್ಗೆ ನಾಲ್ಕು ಮಾತು ತೆರೆದುಕೊಳ್ಳಬೇಕು. ಆ ಕೆಲಸ ಬಸವೇಶ್ವರಿಗೆ ಬಂದಿತ್ತು. ವಿದ್ಯಾಗಿರಿಯ ಮನೆಯ ಪಡಸಾಲೆಯೇ ಅವಳ ಆಫೀಸು. ಇಳಕಲ್ಲಿನ ತಬಸುಮ, ಕಾಲೇಜಿನಲ್ಲಿ ಅವಳಿಗಿಂತ ಒಂದು ವರ್ಷ ಕಿರಿಯಳು, ದಿನವೂ ಬಸ್ಸಿಗೆ ಬಂದು ಜತೆಗೆ ಕೆಲಸ ಮಾಡುತ್ತಿದ್ದಳು. ಇಳಕಲ್ಲಿನ ಸೀರೆ ಅಂಗಡಿ, ಬಾದಾಮಿಯ ಲಾಡ್ಜು, ಹೀಗೆ ಯಾರು ಕೇಳಿದರೂ ಇಬ್ಬರೂ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟಿಕೊಡುತ್ತಿದ್ದರು.

ಅವರು ಬಳಸುತ್ತಿದ್ದ ಜಾವಾ ಚೌಕಟ್ಟಿನಲ್ಲಿ ಒಂದು ಅನುಕೂಲವಿತ್ತು. ಡೇಟಾಬೇಸ್ ಎಲ್ಲಿದೆ ಎಂಬ ವಿಳಾಸ ಕೊಡದಿದ್ದರೆ, ಕೆಲಸ ಶುರುಮಾಡಿದ ಕೂಡಲೇ ಅದು ತಾನೇ ಒಂದು ಡೇಟಾಬೇಸನ್ನು ಎಬ್ಬಿಸಿ, ಅದರಲ್ಲಿ ಒಂದೆರಡು ಮಾದರಿ ದಾಖಲೆಗಳನ್ನೂ ತುಂಬಿ ಕೊಡುತ್ತಿತ್ತು. ಕೆಲಸ ನಿಲ್ಲಿಸಿದರೆ ಎಲ್ಲವನ್ನೂ ಅಳಿಸಿಹಾಕುತ್ತಿತ್ತು. ಬಸವೇಶ್ವರಿ ಆರಿಸಿಕೊಂಡದ್ದು ಡಿಸ್ಕಿನ ಮೇಲೆ ಏನನ್ನೂ ಬರೆಯದ, ಯಂತ್ರದ ತಾತ್ಕಾಲಿಕ ನೆನಪಿನಲ್ಲಷ್ಟೇ ಇರುವ ಬಗೆಯದು. ಏನು ತಪ್ಪು ಮಾಡಿದರೂ ಮರುದಿನ ಅದರ ಕಲೆ ಉಳಿಯುವುದಿಲ್ಲ ಎಂಬುದು ಅವಳಿಗೆ ದೊಡ್ಡ ಸಮಾಧಾನ.

“ಪತ್ರಾವಳಿ ಇದ್ದಂಗ ನೋಡಕ್ಕಾ,” ಎಂದು ತಬಸುಮ ನಗುತ್ತಿದ್ದಳು. “ಉಂಡ್ವಿ, ಮಡಚಿ ಒಗದ್ವಿ. ತಿಕ್ಕೋದಿಲ್ಲ, ಬೆಳಗೋದಿಲ್ಲ.”

ನಿಜವಾದ ಡೇಟಾಬೇಸು ಬೇರೆಯೇ ಇತ್ತು, ಬಾಡಿಗೆಗೆ ಪಡೆದ ಸರ್ವರಿನಲ್ಲಿ. ಕೆಲಸ ಮುಗಿದ ಮೇಲೆ ಅದರ ವಿಳಾಸ ಕೊಡುವುದೆಂದು ಇಟ್ಟಿದ್ದರು.

ಅಂದು ಸುನೀಲಕುಮಾರ ತಾಯಿಯನ್ನು ಕರೆತಂದದ್ದು ಸುಮ್ಮನೆ ನೋಡಿಹೋಗಲೆಂದು. “ಒಂದ್ ತಾಸು ಕುಂದ್ರಸ್ಕೋರಿ ಮೇಡಂ, ಅಂಗಡಿಗೆ ಲಾರಿ ಬಂದೈತಿ,” ಎಂದು ಬಿಟ್ಟು ಹೋದರು. ತಬಸುಮ ಅಂದು ಬಂದಿರಲಿಲ್ಲ. ಅವ್ವ ಹಿತ್ತಲಿನಲ್ಲಿ ಹಪ್ಪಳ ಒಣಹಾಕುತ್ತಿದ್ದಳು. ಬಸವೇಶ್ವರಿ ಪರದೆ ತೋರಿಸಿ, ಮಾದರಿಗೆ ಒಂದು ಮನೆ ತುಂಬೋಣವೆಂದು ಮೊದಲ ಪ್ರಶ್ನೆ ಓದಿದಳು: ಮನೆ ಯಜಮಾನರ ಹೆಸರು.

ನೀಲಾಬಾಯಿ ಸೆರಗನ್ನು ಬಾಯಿಗೆ ಹಿಡಿದು ನಕ್ಕರು. “ಅವ್ರ ಹೆಸರು ನಾ ಹೆಂಗ ಹೇಳ್ಲೆ?”

“ಆಯಿ, ಅವ್ರು ತೀರ್ಕೊಂಡು ಭಾಳ ವರ್ಷ ಆತಲ್ರಿ.”

“ತೀರ್ಕೊಂಡ್ರ ಬಾಯಿಗೆ ಸಸಾರ ಆಗ್ತಾರೇನು? ನನ್ನ ಹೆಸರು ಹಾಕು. ನೀಲಾಬಾಯಿ ಮನಿ ಅಂತ ಬರಿ, ಓಣ್ಯಾಗ ಹಂಗ ಕರೀತಿದ್ರು.”

ಆಮೇಲೆ ಅವರನ್ನು ತಡೆಯಲಾಗಲಿಲ್ಲ. ಪಕ್ಕದ್ದು ಕಾಸಿಂಬಿಯ ಮನೆ, ಅದರಾಚೆ ಲಲಿತಾ ಬಾಯಾರದು, ಎದುರಿಗೆ ಬಳೆಗಾರ ಗೌಸಿಯಾಳ ಅಂಗಡಿ. ಭಾವಂದಿರ ಹೆಸರು ಹೇಳುವಂತಿರಲಿಲ್ಲ, ಗಂಡನ ಗೆಳೆಯರ ಹೆಸರು ಹೇಳಲು ನಾಚಿಕೆ. ಹೀಗಾಗಿ ಇಡೀ ಓಣಿ ಹೆಂಗಸರ ಹೆಸರಿನ ಮೇಲೆಯೇ ಸಾಗಿತು. ಬಸವೇಶ್ವರಿ ಯಜಮಾನರ ಜಾಗದಲ್ಲಿ ಅವೇ ಹೆಸರುಗಳನ್ನು ತುಂಬುತ್ತ ಹೋದಳು.

ನಡುವೆ ಒಮ್ಮೆ ಅವಳಿಗೆ ಹೊಳೆಯಿತು: ಇದು ಮಾದರಿಯಲ್ಲ, ಖರೆ. ಇದು ನಿಜವಾದ ಡೇಟಾಬೇಸಿಗೆ ಹೋಗಬೇಕು. ಆದರೆ ವಿಳಾಸ ಬದಲಿಸಲು ಪ್ರೋಗ್ರಾಮನ್ನು ನಿಲ್ಲಿಸಬೇಕು, ನಿಲ್ಲಿಸಿದರೆ ಅಲ್ಲಿಯವರೆಗೆ ಬರೆದದ್ದು ಹೋಗುತ್ತದೆ. ಹಿರಿಯರು ಮಾತಾಡುತ್ತಿರುವಾಗ ಕೈ ಅಡ್ಡ ಮಾಡಿ ‘ತಡೀರಿ, ಮೊದಲಿಂದ ಹೇಳ್ರಿ’ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ರಾತ್ರಿ ಎಲ್ಲವನ್ನೂ ಅಲ್ಲಿಂದ ತೆಗೆದು ಸರ್ವರಿಗೆ ಹಾಕಿದರಾಯಿತು ಎಂದುಕೊಂಡಳು.

ಓಣಿಯ ಕೊನೆಗೆ ಬಂದಾಗ ನೀಲಾಬಾಯಿಯ ದನಿ ಇಳಿಯಿತು.

“ಬಾವಿ ಮಗ್ಗಲಕ ಒಂದು ಖೋಲಿ. ಅಲ್ಲೆ ಕಸ್ತೂರಿ ಇರತಿದ್ಲು. ಒಬ್ಬಾಕಿನ.”

ಬಸವೇಶ್ವರಿ ಬರೆದಳು.

“ಬಾದಾಮಿ ಕಡ್ಯಾಕಿ. ಗಂಡ ದುಡ್ಯಾಕ ಹೋದಾಂವ ತಿರುಗಿ ಬರಲಿಲ್ಲ. ಅಕಿ ದಿನ ತುಂಬಿದ ಬಸುರಿ. ಹಡದ ಮೂರು ದಿನಕ್ಕ ಜ್ವರಾ ಬಂದು ಸತ್ಲು. ನನಗ ಮಕ್ಕಳಿರಲಿಲ್ಲ. ಕೂಸನ್ನ ಉಡ್ಯಾಗ ಕಟಗೊಂಡು ರಾತ್ರೋರಾತ್ರಿ ಹುನಗುಂದಕ್ಕ ತವರಮನಿಗೆ ಹೋದ್ನಿ. ಅಲ್ಲೇ ತೊಟ್ಲಾ ಕಟ್ಟಿದ್ರು. ತಿರುಗಿ ಬರೂದ್ರಾಗ ನಾ ಹಡದಾಕಿ ಆಗಿದ್ನಿ.”

ಬಸವೇಶ್ವರಿಯ ಬೆರಳು ನಿಂತವು.

“ಬರಿ,” ಎಂದರು ನೀಲಾಬಾಯಿ. “ಈಗ ನನ್ನ ಕರಕೊಂಡು ಹೋಗಾಕ ಬರ್ತಾನಲ್ಲ, ಅವನೇ ಆ ಕೂಸು. ಅವಂಗ ಗೊತ್ತಿಲ್ಲ. ಗೊತ್ತಿದ್ದ ಹೆಣ್ಣಮಕ್ಕಳು ಬಾಯಿ ಬಿಡಲಿಲ್ಲ, ಈಗ ಅವರೂ ಇಲ್ಲ. ನಾ ಹ್ವಾದ್ರ ಅಕಿ ಇದ್ಲು ಅನ್ನೂದ ಇರೂದಿಲ್ಲ. ಒಂದ್ ಕಡೆ ಇರ್ಲಿ.”

ಬರೆದು ಮುಗಿಸಿದಾಗ ಅವರು ಪರದೆಯನ್ನು ಬೆರಳಿನಿಂದ ಮುಟ್ಟಿ ಕೇಳಿದರು, “ಇದು ಹಿಂಗ ಇರತೈತಲ್ಲ?”

“ಬರಕೊಂಡೇನ್ರಿ ಆಯಿ,” ಎಂದಳು ಬಸವೇಶ್ವರಿ. ಇರುತ್ತದೆ ಎಂದು ಹೇಳಲಿಲ್ಲ.

ಹೊರಗೆ ಗಾಡಿ ನಿಂತ ಸದ್ದಾಯಿತು. ಸುನೀಲಕುಮಾರ ಬಾಗಿಲಲ್ಲೇ ನಿಂತು ನಕ್ಕರು. “ನಮ್ಮವ್ವ ತಲಿ ತಿಂದ್ಲೇನ್ರಿ ಮೇಡಂ? ತಿನ್ಲಿ ಬಿಡ್ರಿ. ಅಕಿ ಹೇಳಿದ್ದು ಒಂದಕ್ಷರ ಬಿಡಬ್ಯಾಡ್ರಿ. ರವಿವಾರ ಬಂದು ನಾನ ಕುಂತು ಎಲ್ಲಾ ಓದ್ತೇನಿ.”

ಆ ರಾತ್ರಿ ಉಂಡ ಮೇಲೆ ಬಸವೇಶ್ವರಿ ದಾಖಲೆಗಳನ್ನು ಸರ್ವರಿಗೆ ಕಳಿಸಲು ಕುಳಿತಿದ್ದಳು. ಬಾವಿ ಪಕ್ಕದ ಖೋಲಿಯನ್ನು ಕಳಿಸುವುದೋ ಬಿಡುವುದೋ ತಿಳಿಯಲಿಲ್ಲ. ಕಳಿಸಿದರೆ ರವಿವಾರ ಅದನ್ನು ಮೊದಲು ಓದುವವರು ಸುನೀಲಕುಮಾರ. ಅವರ ತಾಯಿಗೆ ಬೇಕಾದದ್ದು ಅದೇನಾ? ಅಥವಾ ತಾನು ಹೋದ ಮೇಲೆ ಓದಲಿ ಎಂದಿದ್ದರಾ? ಬೆಳಿಗ್ಗೆ ನೋಡೋಣವೆಂದು ಅವಳು ಯಂತ್ರವನ್ನು ಹಾಗೇ ಬಿಟ್ಟು ಎದ್ದಿದ್ದಳು.

ಬೆಳಿಗ್ಗೆ ಪ್ರೋಗ್ರಾಮ್ ಶುರುಮಾಡಿದಳು. ಹೊಸ ಡೇಟಾಬೇಸು ತಾನಾಗಿ ಎದ್ದಿತು. ಓಣಿಯಲ್ಲಿ ಎರಡೇ ಮನೆಗಳಿದ್ದವು: ಮಾದರಿ ಮನೆ ಒಂದು, ಮಾದರಿ ಮನೆ ಎರಡು.

ತಬಸುಮ ಬಂದು ಬುರ್ಖಾ ತೆಗೆದು ಗೂಟಕ್ಕೆ ಹಾಕುತ್ತ ಇಣುಕಿದಳು. “ಯಾಕಕ್ಕಾ, ಮಾರಿ ಹಿಂಗ ಮಾಡೀ? ಯಾರರ ಸತ್ತಾರೇನು?”

“ನಿನ್ನೆ ನೀಲಾಬಾಯಾರು ಹೇಳಿದ್ದೆಲ್ಲ ಹೋತು.”

“ಹೋತಂದ್ರ ಹೋತು. ನಿನ್ನ ತಲಿ ಆ ಡಬ್ಬಿಗಿಂತ ಗಟ್ಟಿ ಐತಿ, ಒಂದ್ ಮಾತು ಮರಿಯೂದಿಲ್ಲ ನೀ. ಮೂರು ವರ್ಷದ ಹಿಂದ ನಾ ತಗೊಂಡ ಪೆನ್ನು ಇನ್ನಾ ಕೇಳ್ತಿ. ಕುಂತು ಬರದು ಹಾಕು.”

ಬಸವೇಶ್ವರಿ ಮೊದಲು ನಿಜವಾದ ಸರ್ವರಿನ ವಿಳಾಸ ಕೊಟ್ಟಳು. ನಂತರ ಬರೆಯತೊಡಗಿದಳು. ಕಾಸಿಂಬಿ, ಲಲಿತಾ, ಗೌಸಿಯಾ ಎಲ್ಲರೂ ತಮ್ಮ ತಮ್ಮ ಚೌಕಗಳಿಗೆ ಮರಳಿದರು. ಬಾವಿಯ ಹತ್ತಿರ ಬಂದಾಗ ಕೈ ಮತ್ತೆ ನಿಂತಿತು. ಇಲ್ಲಿ ಬರೆದದ್ದು ಅಳಿಯುವುದಿಲ್ಲ. ಬರೆದರೆ ಒಬ್ಬ ಮನುಷ್ಯ ತನ್ನ ಹುಟ್ಟನ್ನು ಅಪರಿಚಿತಳ ಪಡಸಾಲೆಯಲ್ಲಿ ಓದಬೇಕು. ಬರೆಯದಿದ್ದರೆ, ಒಬ್ಬ ಮುದುಕಿ ನಂಬಿ ಕೊಟ್ಟ ಹೆಸರನ್ನು ತಾನೇ ನುಂಗಿದಂತೆ. ನೀಲಾಬಾಯಿಯನ್ನು ಕೇಳದೆ ಎರಡರಲ್ಲಿ ಯಾವುದನ್ನೂ ಮಾಡುವಂತಿರಲಿಲ್ಲ. ಕೇಳಬೇಕೆಂದರೆ ದಾಖಲೆ ಕಳೆದುಹೋಯಿತೆಂದೂ ಹೇಳಬೇಕು.

ಮಧ್ಯಾಹ್ನ ಅವರ ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಸುನೀಲಕುಮಾರ.

“ಏನ್ರಿ ಮೇಡಂ?”

“ಏನಿಲ್ಲ ಸರ್. ರವಿವಾರ ಎಷ್ಟಕ್ಕ ಬರ್ತೀರಿ ಅಂತ ಕೇಳಾಕ ಮಾಡಿದ್ನಿ.”

“ನಾಷ್ಟಾ ಮುಗಿಸಿ ಬರ್ತೇವ್ರಿ. ಅವ್ವನ್ನೂ ಕರಕೊಂಡು ಬರ್ತೇನಿ. ಅಕಿ ಯಾಕೋ ನಿನ್ನೆ ರಾತ್ರಿಯಿಂದ ಊಟ ಸರಿ ಮಾಡವಲ್ಲಳು. ಓಣಿ ನೆನಪು ಕಾಡಾಕತ್ತಿರಬೇಕು.”

ಶನಿವಾರ ಮಧ್ಯಾಹ್ನ ಬಾಗಿಲ ಮುಂದೆ ಆಟೋ ನಿಂತಿತು. ನೀಲಾಬಾಯಿ ಒಬ್ಬರೇ ಇಳಿದರು, ಮೊಣಕಾಲ ಮೇಲೆ ಕೈಯೂರಿ ಒಂದೊಂದೇ ಮೆಟ್ಟಿಲು ಹತ್ತಿದರು. ಬಸವೇಶ್ವರಿ ತಬಸುಮಳನ್ನು ಒಳಗೆ ಚಹಾಕ್ಕೆ ಕಳಿಸಿದಳು. ಹೇಳಬೇಕಾದ ಮಾತನ್ನು ಅವಳು ಎಷ್ಟೋ ಸಲ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದಳು. ಅದನ್ನು ತೆಗೆಯುವ ಮೊದಲೇ ನೀಲಾಬಾಯಿ ಅವಳ ಎರಡೂ ಕೈ ಹಿಡಿದುಕೊಂಡರು.

“ಯವ್ವಾ, ಅದನ್ನ ತಗದ್ಬಿಡ.”

“ಯಾವುದನ್ನ ಆಯಿ?”

“ಬಾವಿ ಖೋಲಿದು. ಅವತ್ತು ಎದಿ ತುಂಬಿತ್ತು, ಅಂದ್ಬಿಟ್ಟೆ. ಮನಿಗೆ ಹೋಗಿ ಮಲಗಿದ್ರ ಕಣ್ಣ ಹತ್ತಲಿಲ್ಲ. ನಿನ್ನೆ ಸುನೀಲ ನನ್ನ ಕಾಲು ಒತ್ತಕೋತ ಕುಂತಿದ್ದ. ‘ಯವ್ವಾ, ನೀ ಏನೇನು ಹೇಳೀದಿ ಓದಾಕ ರವಿವಾರದ ದಾರಿ ಕಾಯಾಕತ್ತೇನಿ’ ಅಂದ. ಕಾಲು ಒತ್ತೂ ಕೈ ನೋಡಕೋತ ಕುಂತೆ. ನಾಳೆ ಓದಿದ್ ಮ್ಯಾಲೆ ಆ ಕೈ ನನ್ನ ಮುಟ್ಟತಾವೋ ಇಲ್ಲೋ. ತಗದ್ಬಿಡ ನಮ್ಮವ್ವಾ, ನಿನ್ನ ಕಾಲಿಗೆ ಬೀಳ್ತೇನಿ.”

ಬಸವೇಶ್ವರಿ ಅವರನ್ನು ಕುರ್ಚಿಯಲ್ಲಿ ಕೂರಿಸಿದಳು. ‘ಆಗಲಿ, ತೆಗೆಯುತ್ತೇನೆ’ ಎಂದು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಅವಳ ತಪ್ಪೂ ಮುಚ್ಚಿಹೋಗುತ್ತಿತ್ತು, ಮುದುಕಿಯ ಹೆದರಿಕೆಯೂ. ಒಂದು ಕ್ಷಣ ಕೈ ಹಾಗೆ ಮುಂದೆ ಹೋಯಿತು ಕೂಡ. ಆದರೆ ಇಷ್ಟು ದೊಡ್ಡದನ್ನು ನಂಬಿ ಹೇಳಿದವರ ಮುಂದೆ ಸಣ್ಣ ಸುಳ್ಳಾಡಲು ಅವಳಿಂದ ಆಗಲಿಲ್ಲ.

“ಆಯಿ, ಅದು ಇಲ್ರಿ. ಅವತ್ತ ರಾತ್ರಿನ ಹೋತು. ಕರೆಂಟ್ ಆರಿತು. ಖಾಯಂ ಇರೂ ಕಡೆ ನಾ ಬರದಿರಲಿಲ್ಲ. ನಂದ ತಪ್ಪು.”

“ಹೋತಂದ್ರ?”

“ನೀವು ಹೇಳಿದ್ದ ಒಂದ್ ಮಾತೂ ಉಳೀಲಿಲ್ಲ. ಉಳಿದ ಮನಿ ನನಗ ನೆನಪಿದ್ದಷ್ಟು ಮತ್ತ ಬರದೇನಿ. ಆ ಖೋಲಿ ಬರದಿಲ್ಲ.”

“ಅಂವ ಹುಡುಕಿದ್ರೂ ಸಿಗೂದಿಲ್ಲ?”

“ಯಾರಿಗೂ ಸಿಗೂದಿಲ್ಲ.”

ನೀಲಾಬಾಯಿಯ ಭುಜಗಳು ಇಳಿದವು. ಕಣ್ಣು ಮುಚ್ಚಿ, ಹಣೆಗೆ ಕೈ ಹಚ್ಚಿ ಏನೋ ನೆನೆದರು. ಬಸವೇಶ್ವರಿಗೂ ಉಸಿರು ಸಡಿಲವಾಯಿತು. ಇದಿಷ್ಟೇ ಆಗಿದ್ದರೆ ಎಲ್ಲವೂ ನೆಟ್ಟಗಾಯಿತು ಎನ್ನಬಹುದಿತ್ತು. ಆದರೆ ಮುದುಕಿಯ ಮುಖ ಮೆಲ್ಲಗೆ ಬದಲಾಯಿತು. ಅವರು ಪರದೆಯ ಕಡೆ ನೋಡಿದರು. ನಕ್ಷೆಯಲ್ಲಿ ಬಾವಿಯ ಗುರುತಿತ್ತು. ಅದರ ಪಕ್ಕ ಏನೂ ಇರಲಿಲ್ಲ.

“ಅಂದ್ರ ಅಕಿನೂ ಹ್ವಾದ್ಲು,” ಎಂದರು.

ಬಸವೇಶ್ವರಿ ಅವರ ಪಕ್ಕ ಕುಳಿತಳು.

“ನೀರು ಬಂದಾಗ ಎಲ್ಲಾರೂ ಬಾಗಿಲಾ, ಚೌಕಟ್ಟು ಕಿತ್ತುಕೊಂಡು ಬಂದ್ರು. ಅಕಿ ಖೋಲಿಗೆ ಬಾಗಿಲಾನೂ ಇರಲಿಲ್ಲ, ತಟ್ಟಿ ಇತ್ತು. ತರಾಕ ಏನೂ ಇರಲಿಲ್ಲ.” ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ಸಾಯೂ ಮುಂದ ನನ್ನ ಸೆರಗು ಹಿಡಕೊಂಡಿದ್ಲು. ಬಿಡಿಸಿಕೊಂಡು ಬರೂದಾತು,” ಎಂದರು.

ತಬಸುಮ ಚಹಾ ತಂದಿಟ್ಟು, ಇಬ್ಬರ ಮುಖ ನೋಡಿ ಒಳಗೆ ಹೋದಳು.

“ಹೆಸರಷ್ಟ ಹಾಕಾಕ ಬರತೈತೇನು?” ಎಂದು ನೀಲಾಬಾಯಿ ಕೇಳಿದರು. “ಹಡದದ್ದು, ಸತ್ತದ್ದು ಏನೂ ಬ್ಯಾಡ. ಕಸ್ತೂರಿ ಅನ್ನಾಕಿ ಇಲ್ಲಿದ್ಲು. ಅಷ್ಟ.”

“ಅವರು ಕೇಳಿದ್ರ?”

“ಕೇಳಿದ್ರ ನಾ ನೋಡ್ಕೋತೇನಿ. ನೀ ಬಾಯಿ ಬಿಡಬ್ಯಾಡ.”

ಬಸವೇಶ್ವರಿ ಬಾವಿಯ ಪಕ್ಕದ ಚೌಕವನ್ನು ತೆರೆದು ಕಸ್ತೂರಿ ಎಂದು ಬರೆದಳು. ಕೆಳಗಿನ ಜಾಗದಲ್ಲಿ ‘ಬಾದಾಮಿ ಕಡೆಯವರು, ಒಬ್ಬರೇ ಇದ್ದರು’ ಎಂದು ಸೇರಿಸಿ ಓದಿ ಹೇಳಿದಳು. ನೀಲಾಬಾಯಿ ತಲೆಯಾಡಿಸಿದರು. “ಈಗ ಇದು ಹೋಗೂದಿಲ್ಲಲ್ಲ?” ಎಂದು ಅವರು ಕೇಳಿದಾಗ ಅವಳು ಈ ಸಲ, “ಹೋಗೂದಿಲ್ರಿ ಆಯಿ,” ಎಂದಳು.

ರವಿವಾರ ತಾಯಿ ಮಗ ಇಬ್ಬರೂ ಬಂದರು. ಸುನೀಲಕುಮಾರ ಲ್ಯಾಪ್‌ಟಾಪಿನ ಮುಂದೆ ಕುಳಿತು ಒಂದೊಂದೇ ಮನೆ ತೆರೆದು ಜೋರಾಗಿ ಓದತೊಡಗಿದರು.

“ಏನಿದು ಮೇಡಂ, ಯಜಮಾನ್ರು ಅಂದಲ್ಲಿ ಎಲ್ಲಾ ಹೆಣ್ಣಮಕ್ಕಳ ಅದಾರ! ನಮ್ಮ ಓಣ್ಯಾಗ ಗಂಡಸರ ಇದ್ದಿಲ್ಲೇನು?”

“ಇದ್ರು,” ಎಂದಳು ತಬಸುಮ ಮೂಲೆಯಿಂದ. “ಮನ್ಯಾಗ ಇರತಿದ್ದಿಲ್ಲರಿ ಸರ್.”

ಸುನೀಲಕುಮಾರ ಬಿದ್ದು ಬಿದ್ದು ನಕ್ಕರು. ನೀಲಾಬಾಯಿಯೂ ತುಟಿಯಂಚಿನಲ್ಲಿ ನಕ್ಕರು. ಆಮೇಲೆ ಸುನೀಲಕುಮಾರ ಒಂದೊಂದು ಮನೆಗೂ ತಮಗೆ ನೆನಪಿದ್ದ ಗಂಡಸಿನ ಹೆಸರು ಹೇಳುತ್ತ ಹೋದರು, ಬಸವೇಶ್ವರಿ ಪಕ್ಕದಲ್ಲಿ ಸೇರಿಸುತ್ತ ಹೋದಳು. ಕಾಸಿಂಬಿಯ ಮನೆಗೆ ಗಂಡನ ಹೆಸರು, ಲಲಿತಾ ಬಾಯಾರ ಮನೆಗೆ ಮಾವನ ಹೆಸರು. ತಮ್ಮ ಮನೆಗೆ ಬಂದಾಗ ತಂದೆಯ ಹೆಸರನ್ನು ಪೂರ್ತಿಯಾಗಿ, ಅಡ್ಡಹೆಸರಿನ ಸಮೇತ ಹೇಳಿದರು. ನೀಲಾಬಾಯಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು.

“ಬಾವಿ ಮಗ್ಗಲಕ, ಕಸ್ತೂರಿ,” ಎಂದು ಓದಿ ಸುನೀಲಕುಮಾರ ನಿಂತರು. “ಯಾರಿದು? ನನಗ ನೆನಪ ಆಗವಲ್ದು. ಯವ್ವಾ, ಇದಕ್ಕ ಯಜಮಾನ್ರು ಯಾರು?”

“ಯಾರಿಲ್ಲಪ್ಪಾ. ಒಬ್ಬಾಕಿನ ಇದ್ಲು. ನೀ ಇನ್ನಾ ತಿಳಿವಳಿಕಿ ಇಲ್ಲದ ಕೂಸು.”

“ಹಂಗಾದ್ರ ಬಾಡಿಗಿ ಖೋಲಿ. ತಗದ್ಬಿಡ್ರಿ ಮೇಡಂ. ಮಂದಿ ನಾಳೆ ಕೇಳಿದ್ರ ಮನಿತನದ ಹೆಸರ ಹೇಳಾಕ ಬರೂದಿಲ್ಲ. ಅರ್ಧಾಮರ್ಧ ಇಡೂದು ಚಂದ ಕಾಣೂದಿಲ್ಲ.”

ಅಳಿಸುವ ಗುಂಡಿ ಪರದೆಯ ಮೇಲೇ ಇತ್ತು. ಮಗನ ತೋಳ ಮೇಲಿದ್ದ ನೀಲಾಬಾಯಿಯ ಕೈ ಬಿಗಿಯಾಯಿತು. ಅವರು ಬೇಡವೆನ್ನಲಾರರೆಂದು ಬಸವೇಶ್ವರಿಗೆ ತಿಳಿಯಿತು. ಇನ್ನೊಂದು ಮಾತಾಡಿದರೆ ಉಳಿದದ್ದೂ ಬಾಯಿಗೆ ಬಂದೀತೆಂಬ ಹೆದರಿಕೆ ಅವರಿಗೆ.

“ಬ್ಯಾಡ್ರಿ ಸರ್,” ಎಂದಳು ಬಸವೇಶ್ವರಿ. ಗಿರಾಕಿಗೆ ಎದುರು ಮಾತಾಡುವುದು ಅವಳ ಅಭ್ಯಾಸವಲ್ಲ. ತಬಸುಮ ತಲೆಯೆತ್ತಿ ನೋಡಿದಳು. “ಯಾರು ಯಾರು ಇದ್ರು ಅಂತ ಬರೀರಿ ಅಂದ್ರಿ. ಅವರು ಇದ್ರು. ಯಜಮಾನ್ರ ಹೆಸರು ಕೇಳೂ ಸಾಲು ನಾ ಮಾಡಿದ್ದು, ಅದನ್ನ ತಗೀತೇನಿ. ಮನ್ಯಾಗ ಇದ್ದವರು ಅಂತ ಹಾಕ್ತೇನಿ. ಆಗ ಇದು ಅರ್ಧಾ ಅನಿಸೂದಿಲ್ಲ.”

ಸುನೀಲಕುಮಾರ ತಾಯಿಯ ಕೈಯನ್ನು ನೋಡಿದರು. ಆಮೇಲೆ, “ಇರ್ಲಿ ಬಿಡ್ರಿ,” ಎಂದು ಮುಂದಿನ ಚೌಕ ತೆರೆದರು.

ಹೋಗುವಾಗ ತಾಯಿಯನ್ನು ಗಾಡಿಯಲ್ಲಿ ಕೂರಿಸಿ ಅವರು ಒಬ್ಬರೇ ತಿರುಗಿ ಬಂದರು. ಮೆಟ್ಟಿಲ ಕೆಳಗೆ ನಿಂತು, ದನಿ ತಗ್ಗಿಸಿ ಕೇಳಿದರು.

“ಮೇಡಂ, ತಪ್ಪು ತಿಳೀಬ್ಯಾಡ್ರಿ. ಆ ಕಸ್ತೂರಿ ಅನ್ನಾಕಿ ಬಗ್ಗೆ ನಮ್ಮವ್ವ ಮದಲನೇ ದಿನ ನಿಮ್ಮ ಮುಂದ ಏನರ ಹೇಳಿದ್ಲೇನು? ಆ ಹೆಸರು ಓದಿದಾಗ ನನ್ನ ಹಿಡಕೊಂಡಾಕಿ ಬಿಡಲೇ ಇಲ್ಲ. ನಮ್ಮವ್ವ ಹಂಗ ಮಾಡೂದಿಲ್ಲ.”

ಬಸವೇಶ್ವರಿ ಅವರನ್ನು ನೋಡಿದಳು. ನಾ ನೋಡ್ಕೋತೇನಿ ಎಂದಿದ್ದ ನೀಲಾಬಾಯಿ ಗಾಡಿಯ ಕಿಟಕಿಯಿಂದ ಇತ್ತಲೇ ನೋಡುತ್ತಿದ್ದರು. ಈ ಮನುಷ್ಯನಿಗೆ ತಿಳಿಯುವ ಹಕ್ಕಿಲ್ಲ ಎಂದು ಅವಳಿಗೆ ಅನಿಸಲಿಲ್ಲ. ಹೇಳುವ ಹಕ್ಕು ತನ್ನದಲ್ಲ ಎಂದು ಮಾತ್ರ ಅನಿಸಿತು.

“ಒಬ್ಬರ ಇದ್ರು ಅಂದ್ರು ಸರ್. ಇಬ್ಬರಿಗೂ ಭಾಳ ಬಳಕಿ ಇತ್ತಂತ.”

ಅವರು ಇನ್ನೂ ಏನೋ ಕೇಳುವವರಂತೆ ನಿಂತು, ಕೇಳದೆ ಹೋದರು.

ಒಳಗೆ ಬಂದಾಗ ತಬಸುಮ ಕಾಯುತ್ತಿದ್ದಳು. “ಏನಂದ್ರಕ್ಕಾ? ಯಾರಾಕಿ ಕಸ್ತೂರಿ? ನಿನ್ನೆ ಆ ಆಯಿ ಯಾಕ ಅಳಾಕತ್ತಿದ್ರು?” ಅಡುಗೆಮನೆಯ ಬಾಗಿಲಲ್ಲಿ ಅವ್ವನೂ ಕೈ ಒರೆಸುತ್ತ ನಿಂತಿದ್ದಳು.

ಕಳೆದ ರಾತ್ರಿಗಳಲ್ಲಿ ಬಸವೇಶ್ವರಿ ಆ ಮಧ್ಯಾಹ್ನದ ಮಾತುಗಳನ್ನು ಮರೆಯದಂತೆ ಎಷ್ಟೋ ಸಲ ತಿರುವಿ ಹಾಕಿದ್ದಳು. ಒಂದೊಂದು ಪದವೂ ಇನ್ನೂ ಹಾಗೇ ಇತ್ತು. ತಬಸುಮಳಿಗೆ ಹೇಳಿದರೆ ಬೇರೆಯವರಿಗೆ ಹೋಗುವುದಿಲ್ಲ, ಅವ್ವನಿಗೆ ಹೇಳಿದರೆ ಅವಳೂ ಒಂದು ಹನಿ ಕಣ್ಣೀರು ಹಾಕುತ್ತಾಳೆ. ನಾಳೆ ನೀಲಾಬಾಯಿ ಇಲ್ಲವಾದ ದಿನ ಸುನೀಲಕುಮಾರ ಮತ್ತೆ ಬಂದು ಇದೇ ಮೆಟ್ಟಿಲ ಕೆಳಗೆ ನಿಲ್ಲಬಹುದು. ಅಂದೂ ಅವಳಲ್ಲಿ ಉತ್ತರವಿರುತ್ತದೆ, ಹೇಳುವ ಹಕ್ಕು ಅಂದೂ ಇರುವುದಿಲ್ಲ.

“ಓಣಿ ನೆನಪಿಗೆ ಅತ್ರು,” ಎಂದಳು. ಅವಳು ಯಾರಿಗೂ ಹೇಳುವವಳಲ್ಲ. ಇಂದೂ ಇಲ್ಲ, ಅಂದೂ ಇಲ್ಲ. ಹಾಗೆಂದು ನಿಶ್ಚಯಿಸಿಕೊಂಡು ಕುರ್ಚಿ ಎಳೆದು ಕುಳಿತು, ಯಜಮಾನರ ಹೆಸರು ಕೇಳುವ ಸಾಲನ್ನು ಹುಡುಕತೊಡಗಿದಳು.